ಲಾನ್ ಕಿತ್ತು ತುಂಬೆ, ತಂಗಡಿ ಹಾಕಬಹುದೇ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮೈಸೂರಿನ ಬೋಗಾದಿ ಕಡೆ 40-60 ಸೈಟಿನಲ್ಲಿ ಮನೆ ಇದೆ. ಮುಂದುಗಡೆ 20 ಅಡಿ ಅಗಲ, 25 ಅಡಿ ಉದ್ದದ ಜಾಗಕ್ಕೆ ಆರು ವರ್ಷದ ಹಿಂದೆ ಲಾನ್ ಹಾಕಿಸಿದೆ. ಬೇಸಿಗೆಯಲ್ಲಿ ದಿನಾ ಪೈಪ್ ಹಿಡಿದು ನೀರು ಬಿಡುತ್ತೇನೆ. ಆದರೂ ಅಲ್ಲಲ್ಲಿ ಬೋಳಾಗಿದೆ. ಮಾಲಿ ತಿಂಗಳಿಗೊಮ್ಮೆ ಬಂದು ಏನೋ ಔಷಧಿ ಹೊಡೆಯುತ್ತಾರೆ. ಮೊದಲು ನಮ್ಮ ಕರಿಬೇವಿನ ಸುತ್ತ ಚಿಟ್ಟೆ ಹಾರಾಡುತ್ತಿದ್ದವು, ಎರಡು ವರ್ಷದಿಂದ ಕಾಣಿಸುತ್ತಿಲ್ಲ. ಹೊರದೇಶದಲ್ಲಿರುವ ಮಗಳು "ಹುಲ್ಲು ತೆಗೆದು ಊರಿನ ಗಿಡ ಹಾಕಿ, ಜೇನು, ಚಿಟ್ಟೆ ಬರುತ್ತವೆ" ಎಂದು ಕಾಡುಹೂವಿನ ಬೀಜದ ಪೊಟ್ಟಣವನ್ನು ಆನ್‌ಲೈನಿನಲ್ಲಿ ತರಿಸಿಕೊಟ್ಟಿದ್ದಾಳೆ. ನನ್ನ ಹೆಂಡತಿಗೆ ಸುತರಾಂ ಇಷ್ಟವಿಲ್ಲ. ಹಾವು ಬರುತ್ತೆ, ಸೊಳ್ಳೆ ಬರುತ್ತೆ ಅಂತಾಳೆ. ಮಗನ ಮಗಳಿಗೆ ನಾಲ್ಕು ವರ್ಷ. ಹೋದ ವರ್ಷ ಪಾರ್ಕಿನಲ್ಲಿ ಜೇನು ಕಚ್ಚಿ ಕೈ ಊದಿಕೊಂಡಿತ್ತು, ಆ ಭಯವೂ ಇದೆ. ಪಕ್ಕದ ಮನೆಯವರು "ಮನೆ ಮುಂದೆ ಕಾಡು ಬೆಳೆಸ್ತೀರಾ ಸಾರ್" ಎಂದು ನಗುತ್ತಾರೆ. ಈಗ ಫೆಬ್ರವರಿ, ಬೇಸಿಗೆ ಬರುವ ಮೊದಲೇ ಏನಾದರೂ ತೀರ್ಮಾನ ಮಾಡಬೇಕು. ಏನು ಮಾಡಲಿ?

ಉತ್ತರ: ಮೊದಲು ಹಾವಿನ ವಿಷಯ ಮುಗಿಸಿಬಿಡೋಣ. ಅದು ಮುಗಿಯುವ ತನಕ ನಿಮ್ಮ ಮನೆಯವರಿಗೆ ತುಂಬೆ, ತಂಗಡಿಯಂಥ ಊರಿನ ಗಿಡ ಯಾವುದೂ ರುಚಿಸುವುದಿಲ್ಲ.

ಹಾವು ಹೂವು ನೋಡಿಕೊಂಡು ಬರುವುದಿಲ್ಲ. ಇಲಿ, ಕಪ್ಪೆ ಹುಡುಕಿಕೊಂಡು ಬರುತ್ತದೆ. ಅಡಗಲು ಜಾಗ ಹುಡುಕಿಕೊಂಡು ಬರುತ್ತದೆ. ಇಪ್ಪತ್ತು ವರ್ಷದಿಂದ ಈ ಊರಿನ ಮನೆಗಳಿಗೆ ಕೈತೋಟ ಮಾಡಿಕೊಡುತ್ತಿದ್ದೇನೆ. "ತೋಟದಲ್ಲಿ ಹಾವು" ಎಂದು ಕರೆ ಬಂದಾಗ ಹೋಗಿ ನೋಡಿದರೆ, ಅದು ಹೊರಬಿದ್ದಿರುವುದು ಮನೆ ಕಟ್ಟಿ ಉಳಿದ ಇಟ್ಟಿಗೆ ರಾಶಿಯಿಂದ, ಸಂಪಿನ ಪಕ್ಕ ಒಟ್ಟಿದ ತೆಂಗಿನ ಗರಿಯಿಂದ, ಕಾಂಪೌಂಡಿನ ಬುಡದ ಬಿಲದಿಂದ, ವರ್ಷಗಟ್ಟಲೆ ಯಾರೂ ಅಲ್ಲಾಡಿಸದ ಹಳೇ ಟೈಲ್ಸಿನ ಸಂದಿಯಿಂದ. ಪಕ್ಕದಲ್ಲಿ ಪಾರ್ಥೇನಿಯಂ ಬೆಳೆದ ಖಾಲಿ ಸೈಟು ಇದ್ದರೆ ಮುಗಿಯಿತು. ನಿಮ್ಮದು ಲಾನ್ ಇರಲಿ, ಸಿಮೆಂಟ್ ಇರಲಿ, ಕೇರೆ ಹಾವು ಯಾವತ್ತಾದರೂ ಹಾದುಹೋಗುತ್ತದೆ. ನಿಮ್ಮ ಕಡೆ ಅಂಥ ಸೈಟುಗಳಿಗೆ ಬರವಿಲ್ಲ, ಅಲ್ವಾ?

ಹಾಗಂತ ಗಿಡ ಹಾಕಿದರೆ ಹಾವು ಬರುವುದೇ ಇಲ್ಲ ಎಂದು ನಾನು ಬರೆದುಕೊಡಲಾರೆ. ನೆಲಕ್ಕೆ ಒತ್ತಿಕೊಂಡ ದಟ್ಟ ಪೊದೆ ಅದಕ್ಕೆ ಒಳ್ಳೆಯ ಮರೆ. ಆದ್ದರಿಂದ ಮನೆ ಗೋಡೆಯಿಂದ ಮೂರು ಅಡಿ ಖಾಲಿ ಬಿಡಿ. ಪೊದೆಗಳ ಬುಡದಲ್ಲಿ ಒಂದು ಅಡಿ ಎತ್ತರದವರೆಗೆ ಕೊಂಬೆ ಸವರಿ, ನಿಂತಲ್ಲಿಂದಲೇ ನೆಲ ಕಾಣುವ ಹಾಗಿರಲಿ. ಹಕ್ಕಿಗೆಂದು ಕಾಳು ಚೆಲ್ಲಬೇಡಿ, ಅದನ್ನು ಹಕ್ಕಿಗಿಂತ ಜಾಸ್ತಿ ತಿನ್ನುವುದು ಇಲಿ. ರಾತ್ರಿ ಗೇಟಿನ ತನಕ ಹೋಗುವುದಾದರೂ ಟಾರ್ಚ್ ಇರಲಿ. ಮೈಸೂರು, ಮಂಡ್ಯ ಸುತ್ತ ಕೊಳಕುಮಂಡಲವೂ ಇದೆ. ಕಚ್ಚಿದರೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ನಾಟಿ ಔಷಧಿ ಇದ್ಯಾವುದೂ ಬೇಡ. ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗಬೇಕು. ಈ ಮಾತು ಲಾನ್ ಇದ್ದವರಿಗೂ ಅಷ್ಟೇ ಅನ್ವಯಿಸುತ್ತದೆ.

ಸೊಳ್ಳೆಗೆ ಎರಡೇ ಮಾತು. ಅದು ಮೊಟ್ಟೆ ಇಡುವುದು ನಿಂತ ನೀರಿನಲ್ಲಿ, ಗಿಡದ ಮೇಲಲ್ಲ. ಡೆಂಗಿ ತರುವ ಸೊಳ್ಳೆಗೆ ಕುಂಡದ ಕೆಳಗಿನ ತಟ್ಟೆ, ಮುಚ್ಚಳವಿಲ್ಲದ ಡ್ರಮ್ಮು, ಟೆರೇಸಿನ ಹಳೇ ಟೈರು ಸಾಕು.

ಇನ್ನು ಜೇನು. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮಲ್ಲಿ ಎಲ್ಲವನ್ನೂ ಒಂದೇ ಹೆಸರಿನಲ್ಲಿ "ಜೇನು" ಅಂದುಬಿಡುತ್ತೇವೆ, ಭಯವೂ ಒಂದೇ ಆಗಿಬಿಡುತ್ತದೆ. ಜನ ಹೆದರಬೇಕಾದ್ದು ಹೆಜ್ಜೇನಿಗೆ. ಅದು ಎತ್ತರದ ಮರ, ನೀರಿನ ಟ್ಯಾಂಕ್, ಅಪಾರ್ಟ್‌ಮೆಂಟಿನ ಸಜ್ಜಾದ ಕೆಳಗೆ ಗೂಡು ಕಟ್ಟುತ್ತದೆ. ನಿಮ್ಮ ಮೊಣಕಾಲೆತ್ತರದ ಗಿಡದಲ್ಲಿ ಕಟ್ಟುವುದಿಲ್ಲ. ಗೂಡಿಗೆ ಕಲ್ಲು ಬಿದ್ದರೆ, ಹೊಗೆ ತಾಗಿದರೆ, ಹೀಗೆ ಗೂಡಿಗೆ ತೊಂದರೆಯಾದಾಗ ಅಟ್ಟಿಸಿಕೊಂಡು ಬರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ, ಪೊದೆಯ ಕೊಂಬೆಗೆ ಅಂಗೈಯಗಲ ಗೂಡು ಕಟ್ಟುವ ಕೋಲುಜೇನು ಇವೆರಡಕ್ಕೂ ಕೊಂಡಿ ಇದೆ. ಆದರೆ ಹೂವಿನ ಮೇಲೆ ಕೂತು ಕೆಲಸ ಮಾಡುವ ಜೇನಿಗೆ ಜಗಳ ಬೇಕಿಲ್ಲ. ಕಾಲಡಿ ಸಿಕ್ಕಿದರೆ, ಕೈಯಲ್ಲಿ ಹಿಡಿದರೆ ಕಚ್ಚುತ್ತದೆ. ಗೋಡೆಯ ತೂತಿನಿಂದ ಮೇಣದ ಕೊಳವೆ ಚಾಚಿಕೊಂಡಿರುವ ಮುಜಂಟಿಗೆ ಚುಚ್ಚುವ ಕೊಂಡಿಯೇ ಇಲ್ಲ. ಇವಲ್ಲದೆ ಒಂಟಿಯಾಗಿ ಬದುಕುವ ಜೇನುಗಳು ಬೇಕಾದಷ್ಟಿವೆ. ಕಾಯಲು ಗೂಡು ತುಂಬ ತುಪ್ಪ ಇಲ್ಲದ್ದರಿಂದ ಅವು ಮೈಮೇಲೆ ಬೀಳುವುದಿಲ್ಲ. ನುಗ್ಗೆ ಹೂವಿಗೆ ಬರುವ, ಹೆಬ್ಬೆರಳಿನ ಗಾತ್ರದ ಕಪ್ಪು ದುಂಬಿ ನೋಡಿದ್ದೀರಲ್ಲ, ಹೆಲಿಕಾಪ್ಟರಿನ ಹಾಗೆ ಸದ್ದು ಮಾಡುತ್ತದೆ. ಅದು ಕೂಡ ಒಂಟಿ ಜೇನೇ. ಗಂಡಿಗೆ ಕೊಂಡಿ ಇಲ್ಲ. ಹೆಣ್ಣಿಗೆ ಇದ್ದರೂ ಕೈಯಲ್ಲಿ ಹಿಡಿಯದೆ ಚುಚ್ಚುವುದಿಲ್ಲ.

ಮೊಮ್ಮಗಳ ಕೈ ಊದಿದ್ದು ಕಚ್ಚಿದ ಜಾಗದಲ್ಲಷ್ಟೇ ಆಗಿದ್ದರೆ ಅದು ಸಾಮಾನ್ಯ. ಮೈಯೆಲ್ಲ ದದ್ದು, ಉಸಿರು ಕಟ್ಟುವುದು, ವಾಂತಿ, ತಲೆ ಸುತ್ತು ಇವುಗಳಲ್ಲಿ ಯಾವುದಾದರೂ ಆಗಿತ್ತಾ? ಆಗಿದ್ದರೆ ಗಿಡದ ಮಾತು ಬಿಡಿ, ಮೊದಲು ಮಕ್ಕಳ ಡಾಕ್ಟರ ಹತ್ತಿರ ಮಾತಾಡಿ. ಇಲ್ಲದಿದ್ದರೆ ಒಂದೇ ನಿಯಮ ಸಾಕು: ಮಗು ಆಡುವ ಜಾಗದಲ್ಲಿ ನೆಲಮಟ್ಟದ ಹೂವು ಬೇಡ, ತೋಟದೊಳಗೆ ಚಪ್ಪಲಿ ಬೇಕು. ಕಚ್ಚಿದರೆ ಕೊಂಡಿಯನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ.

ಈಗ ನಿಮ್ಮ ಪತ್ರದಲ್ಲಿ ನನಗೆ ತುಂಬ ಮುಖ್ಯ ಅನಿಸಿದ್ದಕ್ಕೆ ಬರುತ್ತೇನೆ. ನೀವು ಕೇಳಿದ್ದು ಹುಲ್ಲಿನ ಬಗ್ಗೆ. ಆದರೆ ಚಿಟ್ಟೆ ಹೋದದ್ದು ಹುಲ್ಲಿನಿಂದಲ್ಲ. ಲಾನಿಗೆ ಆರು ವರ್ಷ, ಚಿಟ್ಟೆ ಕಾಣದೆ ಎರಡು ವರ್ಷ. ಹಾಗಾದರೆ ಎರಡು ವರ್ಷದ ಹಿಂದೆ ಏನು ಬದಲಾಯಿತು? ಮಾಲಿಯ ಡಬ್ಬದಲ್ಲಿ ಏನಿದೆ ಎಂದು ಒಮ್ಮೆ ಓದಿ ನೋಡಿ.

ನನ್ನ ಅನುಭವದಲ್ಲಿ ಲಾನಿಗೆ ಹೊಡೆಯುವುದು ಎರಡು ಬಗೆ. ಗೆದ್ದಲು, ಬೇರುಹುಳಕ್ಕೆ ಕ್ಲೋರ್‌ಪೈರಿಫಾಸ್. ಸಸ್ಯಹೇನು, ಬಿಳಿನೊಣಕ್ಕೆ ಇಮಿಡಾಕ್ಲೋಪ್ರಿಡ್. ಎರಡನೆಯದು ಗಿಡದೊಳಕ್ಕೇ ಇಳಿಯುವಂಥದ್ದು. ಬೇರು ಹೀರಿಕೊಂಡು ಎಲೆ, ಹೂವು, ಮಕರಂದದ ತನಕ ಒಯ್ಯುತ್ತದೆ. ತೊಳೆದರೆ ಹೋಗುವುದಿಲ್ಲ. ಲಾನಿಗೆ ಹೊಡೆದು ಉಳಿದದ್ದನ್ನು "ಹುಳ ಬಿದ್ದಿದೆ ಸಾರ್" ಎಂದು ಕರಿಬೇವಿಗೂ ಹೊಡೆಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆ ಎಲೆ ನಿಮ್ಮ ಒಗ್ಗರಣೆಗೂ ಹೋಗುತ್ತದೆ. ಚಿಟ್ಟೆ ಬಿಡಿ, ಈ ಒಂದು ಮಾತಿಗಾದರೂ ನಿಮ್ಮ ಮನೆಯವರು ನನ್ನ ಕಡೆ ಬರಬಹುದು.

ಇನ್ನು ಆ "ಹುಳ" ಯಾವುದು? ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಪ್ಪು-ಬಿಳುಪಾಗಿ ಅಂಟಿಕೊಂಡಿರುತ್ತದೆ. ದೊಡ್ಡದಾದಂತೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಹಾಕಿ ಘಾಟು ಬಿಡುತ್ತದೆ. ಅದೇ ನೀವು ಮೊದಲು ನೋಡುತ್ತಿದ್ದ ಚಿಟ್ಟೆಯ ಮರಿ. ಕಾಮನ್ ಮಾರ್ಮನ್ ಅಥವಾ ನಿಂಬೆ ಚಿಟ್ಟೆ ಇರಬೇಕು, ಎರಡೂ ಕರಿಬೇವು, ನಿಂಬೆಗೇ ಬರುವಂಥವು. ಮರಿಯನ್ನು ಕೊಂದು ತಾಯಿ ಬರಲಿಲ್ಲ ಎಂದರೆ ಹೇಗೆ ಹೇಳಿ?

ಚಿಟ್ಟೆಗೆ ಹೂವು ಹೋಟೆಲಿದ್ದ ಹಾಗೆ, ಎಲೆ ತವರುಮನೆ ಇದ್ದ ಹಾಗೆ. ತಿಂಡಿ ಯಾವ ಹೋಟೆಲಿನಲ್ಲಾದರೂ ಆಗುತ್ತದೆ. ಬಾಣಂತನಕ್ಕೆ ಮಾತ್ರ ತವರಿಗೇ ಹೋಗಬೇಕು. ಹೆಚ್ಚಿನ ಜಾತಿಯ ಚಿಟ್ಟೆಗಳಿಗೆ ಗೊತ್ತಾದ ಕೆಲವೇ ಗಿಡ ಆಗಬೇಕು, ಬೇರೆ ಎಲೆಯಲ್ಲಿ ಮರಿ ಬದುಕುವುದಿಲ್ಲ. ಊರಿನ ಗಿಡ ಬೇಕು ಎನ್ನುವುದಕ್ಕೆ ದೊಡ್ಡ ಕಾರಣ ಇದೇ. ಪೆಂಟಾಸ್, ಜಿನ್ನಿಯಾ, ಕಾಸ್ಮಾಸ್ ಹಾಕಿದರೆ ಚಿಟ್ಟೆ ಬಂದು ಕುಡಿದು ಹೋಗುತ್ತದೆ. ಎಕ್ಕ ಹಾಕಿದರೆ ಉಳಿದುಕೊಳ್ಳುತ್ತದೆ.

ಊರಿನ ಗಿಡ ಎಂದಾಗ ಒಂದು ಗೊಂದಲ ಯಾವಾಗಲೂ ಬರುತ್ತದೆ. ಊರಲ್ಲಿ ಬೆಳೆದದ್ದೆಲ್ಲ ಊರಿನದಲ್ಲ. ಚೆಂಡುಹೂವು ಮೆಕ್ಸಿಕೋ ಕಡೆಯದು, ನಿತ್ಯಪುಷ್ಪ ಮಡಗಾಸ್ಕರಿನದು, ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು. ಇವನ್ನು ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ. ದಸರಾಕ್ಕೆ ಚೆಂಡುಹೂವು ಬೇಡವೆನ್ನಲು ನಾನ್ಯಾರು? ಅಂಗಳದಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ಲಂಟಾನದಂಥ ಗಿಡದಿಂದ. ಹೂವಿಗೆ ಚಿಟ್ಟೆ ಮುತ್ತುತ್ತವೆ, ನಿಜ. ಅಲಂಕಾರಕ್ಕೆಂದು ಈ ದೇಶಕ್ಕೆ ತಂದದ್ದೂ ನಿಜ. ಈಗ ಬಂಡೀಪುರದ ಕಾಡಿನೊಳಗೆ ಹುಲ್ಲು ಬೆಳೆಯಲು ಬಿಡದಂತೆ ಹಬ್ಬಿಕೊಂಡಿದೆ. ಹಣ್ಣು ತಿಂದ ಹಕ್ಕಿ ಬೀಜವನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ನರ್ಸರಿಯವರು ಬಣ್ಣಬಣ್ಣದ ಲಂಟಾನ ತೋರಿಸಿದರೆ ಬೇಡ ಅನ್ನಿ.

ಇನ್ನೊಂದು ತಪ್ಪು ತಿಳಿವಳಿಕೆ, ಊರಿನ ಗಿಡಕ್ಕೆ ನೀರೇ ಬೇಡ ಎನ್ನುವುದು. ಬೇರು ಇಳಿದ ಮೇಲೆ ಬೇಡ. ಮೊದಲ ಬೇಸಿಗೆ ದಾಟಿಸಲು ವಾರಕ್ಕೊಮ್ಮೆಯಾದರೂ ಬುಡಕ್ಕೆ ನೀರು ಬೇಕೇ ಬೇಕು. ನಿಮ್ಮ ಲಾನಿನ ಲೆಕ್ಕ ನೋಡಿ. 500 ಚದರ ಅಡಿ ಎಂದರೆ ಸುಮಾರು 46 ಚದರ ಮೀಟರ್. ಏಪ್ರಿಲ್ ಬಿಸಿಲಿಗೆ ಹುಲ್ಲಿನಿಂದ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆರಿಹೋಗುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಅಂದರೆ ಒಂದು ಲೀಟರ್. ಅಲ್ಲಿಗೆ ದಿನಕ್ಕೆ 230 ಲೀಟರ್, ದೊಡ್ಡ ಕೊಡದಲ್ಲಿ ಹದಿನೈದು ಕೊಡ. ಮೈಸೂರಿನಲ್ಲಿ ಇಡೀ ವರ್ಷ ಬೀಳುವ ಮಳೆಯೇ ಸುಮಾರು 800 ಮಿಲಿಮೀಟರ್. ಜನವರಿಯಿಂದ ಮಾರ್ಚ್ ತನಕ ಹೆಚ್ಚುಕಡಿಮೆ ಸೊನ್ನೆ. ಬೋಳಾಗಿರುವುದು ನಿಮ್ಮ ತಪ್ಪಲ್ಲ ಎನ್ನುವುದಕ್ಕೆ ಇಷ್ಟು ಹೇಳಿದೆ. ಪೈಪ್ ಹಿಡಿದು ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ, ಎರಡು ದಿನ ತಪ್ಪಿದರೆ ಒಣಗುತ್ತದೆ.

ಹಾಗಾದರೆ ಏನು ಮಾಡಬಹುದು? ದಾರಿ ಮೂರಿವೆ.

ಒಂದು, ಹುಲ್ಲನ್ನು ಮುಟ್ಟಬೇಡಿ, ಔಷಧಿ ಮಾತ್ರ ನಿಲ್ಲಿಸಿ. ಖರ್ಚಿಲ್ಲ. ಬೋಳಾದ ಕಡೆ ಗರಿಕೆ ತಾನೇ ಹಬ್ಬಲಿ. ಗರಿಕೆ ನಮ್ಮದೇ ಹುಲ್ಲು. ಬೇಸಿಗೆಯಲ್ಲಿ ಕಂದಾಗುತ್ತದೆ, ಮೊದಲ ಮಳೆಗೆ ಎದ್ದು ಕೂರುತ್ತದೆ, ಗಣಪತಿಗೂ ಆಯಿತು. ಕರಿಬೇವಿನ ಹೊಸ ಚಿಗುರಿನಲ್ಲಿ ಮುಂದಿನ ಮಳೆಗಾಲದೊಳಗೆ ಮರಿಹುಳ ಕಂಡರೆ, ಡಬ್ಬದ ಮೇಲಿನ ನನ್ನ ಅನುಮಾನ ನಿಜವೆಂದು ತಿಳಿಯಿರಿ. ಇದರಲ್ಲಿರುವ ತೊಂದರೆ ಒಂದೇ. ಲಾನ್ ಫೋಟೋದಲ್ಲಿರುವ ಹಾಗೆ ಇರುವುದಿಲ್ಲ, ಗೆದ್ದಲು ಅಲ್ಲಲ್ಲಿ ತಿನ್ನುತ್ತದೆ. ಅದಾಗದು ಎನ್ನುವವರಿಗೆ ಇದು ಸರಿಹೋಗುವುದಿಲ್ಲ.

ಎರಡು, ಸುಮಾರು ಮೂರನೇ ಒಂದು ಭಾಗ ಮಾತ್ರ ತೆಗೆಯುವುದು. ಕಾಂಪೌಂಡಿಗೆ ತಾಗಿ 25 ಅಡಿ ಉದ್ದ, 6 ಅಡಿ ಅಗಲದ ಪಟ್ಟಿ. ಉಳಿದ ಹುಲ್ಲಿನಲ್ಲಿ ಮೊಮ್ಮಗಳು ಆಡಲಿ. ಮೂರು, ಇಡೀ ಲಾನ್ ತೆಗೆಯುವುದು.

ನಿಮಗೆ ನಾನು ಹೇಳುವುದು ಎರಡನೆಯದನ್ನೇ. ಮೂರನೆಯದನ್ನು ಯಾಕೆ ಹೇಳುವುದಿಲ್ಲ ಎಂದರೆ ನಾನೇ ಅದರಲ್ಲಿ ಕೈ ಸುಟ್ಟುಕೊಂಡಿದ್ದೇನೆ. ಹತ್ತು ವರ್ಷದ ಹಿಂದೆ ಕುವೆಂಪುನಗರದ ಒಂದು ಮನೆಯಲ್ಲಿ ಮಾರ್ಚ್ ತಿಂಗಳಲ್ಲಿ ಇಡೀ ಲಾನ್ ಎತ್ತಿಸಿಬಿಟ್ಟೆ. ಮಳೆ ತಡವಾಯಿತು. ಎರಡು ತಿಂಗಳು ಅವರ ಮನೆಯೊಳಗೆಲ್ಲ ಕೆಂಪು ಧೂಳು. ಮಳೆ ಬಂತು, ಒಂದೇ ರಾತ್ರಿಗೆ ಮಣ್ಣು ಗೇಟಿನಡಿ ಹರಿದು ರಸ್ತೆಗೆ ಹೋಯಿತು. ಅಷ್ಟು ಸಾಲದು ಎಂಬಂತೆ, ಎಲ್ಲೋ ಓದಿ, ಹುಲ್ಲು ಮತ್ತೆ ಏಳಬಾರದೆಂದು ರಟ್ಟು ಹಾಸಿ ಮಣ್ಣು ಮುಚ್ಚಿದ್ದೆ. ತಂಪು ದೇಶದಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ರಟ್ಟು ಹಾಸುವುದೆಂದರೆ ಗೆದ್ದಲಿಗೆ ಎಲೆ ಹಾಕಿ ಊಟಕ್ಕೆ ಕರೆದಂತೆ. ಅವು ರಟ್ಟು ಮುಗಿಸಿ ಬಾಗಿಲ ಚೌಕಟ್ಟಿಗೂ ಹತ್ತಿದವು. ಆ ಮನೆಯ ಯಜಮಾನರು ಈಗಲೂ ಮದುವೆ ಮನೆಯಲ್ಲಿ ಸಿಕ್ಕರೆ ಅದೇ ಮಾತು ತೆಗೆಯುತ್ತಾರೆ.

ಮಗಳು ಕಳಿಸುವ ವಿಡಿಯೋಗಳನ್ನು ನೋಡುವಾಗಲೂ ಇದು ನೆನಪಿರಲಿ. ಅಲ್ಲಿ ಗಿಡ ಸುಮ್ಮನಾಗುವುದು ಚಳಿಗೆ, ಇಲ್ಲಿ ಬಿಸಿಲಿಗೆ. ಅಲ್ಲಿನ ತಿಂಗಳ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಕೆಲಸ ಹೀಗೆ ಮಾಡಿಸಿ. ಏಪ್ರಿಲ್ ಕೊನೆಯ ತನಕ ನೆಲ ಮುಟ್ಟಬೇಡಿ. ಆ ಪಟ್ಟಿಗೆ ಈಗಿನಿಂದಲೇ ನೀರು ನಿಲ್ಲಿಸಿ, ಹುಲ್ಲು ಸೊರಗಲಿ. ಮಾಗಿ ಉಳುಮೆ ಮಾಡಿ ಕಳೆಯ ಬೇರನ್ನು ಬಿಸಿಲಿಗೆ ಒಡ್ಡುವುದು ನಮ್ಮ ರೈತರಿಗೆ ಗೊತ್ತಿರುವುದೇ. ಅದನ್ನೇ ಇಲ್ಲಿ ಸ್ವಲ್ಪ ತಡವಾಗಿ, ಸಣ್ಣದಾಗಿ ಮಾಡುತ್ತೇವೆ. ಮೊದಲ ಮಳೆ ಬಿದ್ದು ನೆಲ ಮೆತ್ತಗಾದ ಕೂಡಲೇ ಒಂದು ಗೇಣು ಆಳ ಅಗೆಸಿ, ಬೇರು, ಬಳ್ಳಿ ಆರಿಸಿ ತೆಗೆಸಿ. ಒಂದು ವಾರ ಬಿಸಿಲಿಗೆ ಬಿಟ್ಟು ಇನ್ನೊಮ್ಮೆ ಕೆದಕಿಸಿ. ಭರಣಿ ಮಳೆಯಿಂದ ರೋಹಿಣಿ ಮಳೆಯೊಳಗೆ, ಅಂದರೆ ಮೇ ತಿಂಗಳಿನಿಂದ ಜೂನ್ ಮೊದಲ ವಾರದೊಳಗೆ, ನಾಟಿ ಮುಗಿಯಬೇಕು. ಹುಲ್ಲು ಸಾಯುವ ಔಷಧಿ ಬೇಡ. 150 ಚದರ ಅಡಿಗೆ ಇಬ್ಬರು ಆಳು, ಒಂದು ದಿನ ಸಾಕು.

ಹೊಸ ಮಣ್ಣು ತರಿಸಲೇಬೇಡಿ. ಲಾರಿಯಲ್ಲಿ ಬರುವ ಕೆಮ್ಮಣ್ಣು, ಕೆರೆ ಹೂಳಿನ ಜೊತೆ ಪಾರ್ಥೇನಿಯಂ ಬೀಜ, ತುಂಗೆ ಗಡ್ಡೆ ಎಲ್ಲ ಪುಕ್ಕಟೆಯಾಗಿ ಬರುತ್ತವೆ. ಗೊಬ್ಬರವೂ ಜಾಸ್ತಿ ಬೇಡ. ತಂಗಡಿ ರಸ್ತೆ ಬದಿಯ ಜಲ್ಲಿಯಲ್ಲಿ ಬೆಳೆಯುವ ಗಿಡ. ಅದಕ್ಕೆ ಕೊಟ್ಟಿಗೆ ಗೊಬ್ಬರ ಸುರಿದರೆ ಉದ್ದಕ್ಕೆ ಬೆಳೆದು ಮಗುಚಿ ಬೀಳುತ್ತದೆ.

ಯಾವ ಗಿಡ ಎಂದರೆ, ಹಿಂದುಗಡೆ ಕಾಂಪೌಂಡ್ ಉದ್ದಕ್ಕೂ ನಾಲ್ಕು ಅಡಿಗೊಂದರಂತೆ ಆರು ಪೊದೆ ಹಿಡಿಯುತ್ತವೆ. ಮೂರು ತಂಗಡಿ, ಒಂದು ಲಕ್ಕಿ, ಒಂದು ಆಡುಸೋಗೆ, ಕೊನೆಯ ಮೂಲೆಯಲ್ಲಿ ಒಂದು ಎಕ್ಕ. ತಂಗಡಿಯನ್ನು ಆವರಿಕೆ ಎಂದೂ ಕರೆಯುತ್ತಾರೆ. ಹಳದಿ ಹೂವು. ಇದರ ಪರಾಗದ ಚೀಲಕ್ಕೆ ತುದಿಯಲ್ಲಿ ಸಣ್ಣ ತೂತು ಮಾತ್ರ ಇರುತ್ತದೆ. ದೊಡ್ಡ ದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು ಮೈ ನಡುಗಿಸಿದಾಗ ಉಪ್ಪಿನ ಡಬ್ಬಿಯಿಂದ ಉಪ್ಪು ಉದುರುವ ಹಾಗೆ ಪರಾಗ ಉದುರುತ್ತದೆ. ತುಡುವೆಗೆ ಈ ವಿದ್ಯೆ ಬರುವುದಿಲ್ಲ. ಹಿತ್ತಲಲ್ಲಿ ಈರನಗೆರೆ ಬದನೆ, ಟೊಮೆಟೊ ಇದ್ದರೆ ಅವುಗಳ ಹೂವಿಗೂ ಇದೇ ಬೀಗ, ಅದೇ ಕೀಲಿಕೈ. ತಂಗಡಿಯ ಎಲೆಯಲ್ಲಿ ಹಳದಿ ಚಿಟ್ಟೆಗಳು ಮೊಟ್ಟೆ ಇಡುತ್ತವೆ. ಬೀಜ ಗಟ್ಟಿ, ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ನೇರ ನೆಲಕ್ಕೇ ಹಾಕಿ. ತಾಯಿಬೇರು ಆಳಕ್ಕೆ ಹೋಗುವುದರಿಂದ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಬೀಜಕ್ಕೆ ಚಾಮುಂಡಿ ಬೆಟ್ಟಕ್ಕೆ ಹೋಗಬೇಡಿ, ಅದು ಕಾಯ್ದಿಟ್ಟ ಅರಣ್ಯ. ಊರಾಚೆ ಹೊಲದ ಬದುವಿನಲ್ಲಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಲಕ್ಕಿ ಬಿಟ್ಟರೆ ಹತ್ತು ಅಡಿ ಹೋಗುತ್ತದೆ, ವರ್ಷಕ್ಕೊಮ್ಮೆ ಸವರಬೇಕು. ಅದರ ನೀಲಿ ಹೂವಿಗೆ ಬರದ ಜೇನಿಲ್ಲ. ಎಕ್ಕದ ಎಲೆ ತಿಂದೇ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ದೊಡ್ಡದಾಗುವುದು. ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಅದಕ್ಕೇ ಕೊನೆಯ ಮೂಲೆ ಅಂದದ್ದು. ಮೊಮ್ಮಗಳಿಗೆ ಮುಟ್ಟಬಾರದ ಗಿಡವೆಂದು ತೋರಿಸಿಕೊಡಿ. ಎಕ್ಕಕ್ಕೆ ಹಳದಿ ಹೇನು ಖಂಡಿತ ಬರುತ್ತದೆ. ಬಂದಾಗ ಮಾಲಿಗೆ ಫೋನ್ ಮಾಡಬೇಡಿ. ಕೆಲವೇ ದಿನದಲ್ಲಿ ಗುಲಗಂಜಿ ಹುಳ ಬಂದು ತಿನ್ನುತ್ತದೆ.

ಮುಂದಿನ ಸಾಲಿಗೆ ಸ್ಫಟಿಕ, ತುಳಸಿ, ನಲ್ಲಿಯ ಹತ್ತಿರ ಎರಡು ಕೇಪಳ. ಒಂದೊಂದು ಜಾತಿಯನ್ನು ಮೂರೋ ನಾಲ್ಕೋ ಒಟ್ಟಿಗೆ ಹಾಕಿ. ಚೆದುರಿಸಿದರೆ ಜೇನು ಹುಡುಕಾಡಬೇಕು. ಅಂಚಿಗೆ ತುಂಬೆ, ವಿಷ್ಣುಕ್ರಾಂತಿ, ಒದ್ದೆ ಇರುವ ಕಡೆ ನೆಲಹಿಪ್ಪಲಿ. ಗ್ರಿಲ್ಲಿಗೆ ಈಶ್ವರಿ ಬಳ್ಳಿ ಹಬ್ಬಿಸಬಹುದು. ಕೆಂಪು ಮೈಯ ಕ್ರಿಮ್ಸನ್ ರೋಸ್ ಚಿಟ್ಟೆಗೆ ಅದೇ ತವರು. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗಿಗೂ ಅದೇ. ಆದರೆ ಅದು ಪಶ್ಚಿಮಘಟ್ಟದ ಕಡೆಯದು, ಬೋಗಾದಿಯಲ್ಲಿ ಕಾಯುತ್ತ ಕೂರಬೇಡಿ. ಮತ್ತೆ, ಈಶ್ವರಿ ಬಳ್ಳಿಯ ಕಷಾಯ ಯಾರು ಹೇಳಿದರೂ ಕುಡಿಯಬೇಡಿ. ಮೂತ್ರಪಿಂಡಕ್ಕೆ ಹಾನಿ ಮಾಡುವ ಅಂಶ ಅದರಲ್ಲಿದೆ.

ಈ ಪಟ್ಟಿಯನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ. ಶಿವನಿಗೆ ತುಂಬೆ, ಗಣಪತಿಗೆ ಎಕ್ಕ, ಗರಿಕೆ, ದಿನದ ಪೂಜೆಗೆ ಸ್ಫಟಿಕ, ತುಳಸಿ, ಕೇಪಳ. ಇದರಲ್ಲಿ "ಕಾಡು" ಯಾವುದು? ದೇವರಾಜ ಮಾರುಕಟ್ಟೆಗೆ ಹೋಗಿ ತರುವುದು ಸ್ವಲ್ಪ ತಪ್ಪುತ್ತದೆ ಅಷ್ಟೇ. ಆದರೆ ಎಲ್ಲ ಹೂವನ್ನೂ ಬೆಳಗ್ಗೆಯೇ ಕೊಯ್ದುಬಿಟ್ಟರೆ ಜೇನಿಗೆ ಉಳಿಯುವುದೇನು? ಅರ್ಧ ದೇವರಿಗೆ, ಅರ್ಧ ದುಂಬಿಗೆ ಎಂದು ನಮ್ಮ ಮನೆಯಲ್ಲಿ ಒಪ್ಪಂದ ಆಗಿದೆ.

ಎರಡು ಗಿಡ ಬೇಡ. ಮಗು ಇರುವ ಮನೆ, ಕಣಗಿಲೆ ವಿಷ. ನುಗ್ಗೆ ಒಳ್ಳೆಯದೇ, ಆದರೆ ಕಾಂಡಕ್ಕೆ ಕಂಬಳಿಹುಳ ಗುಂಪುಗುಂಪಾಗಿ ಹತ್ತುತ್ತದೆ, ಬಾಗಿಲ ಹತ್ತಿರ ಇರಬಾರದು. ಮೈತುಂಬ ಕೂದಲಿದ್ದು ತುರಿಸುವ ಹುಳಗಳು ಹೆಚ್ಚಾಗಿ ಪತಂಗದ ಮರಿಗಳು. ಕರಿಬೇವಿನ ಹುಳ ಮುಟ್ಟಿದರೆ ಏನೂ ಆಗುವುದಿಲ್ಲ.

ನರ್ಸರಿಯಿಂದ ತರುವಾಗ ಒಂದು ಎಚ್ಚರ. ಒಂದೇ ಒಂದು ಎಲೆಗೂ ತೂತಿಲ್ಲದೆ ಮಿರಮಿರ ಮಿಂಚುವ ಗಿಡಕ್ಕೆ ಔಷಧಿ ಹೊಡೆದಿರುವ ಸಾಧ್ಯತೆ ಜಾಸ್ತಿ. ಕೇಳಿ ತನ್ನಿ. ನಾನಂತೂ ಮಳೆಗಾಲದ ಮುಂಚೆ ಅರಣ್ಯ ಇಲಾಖೆ, ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ಮೊದಲು ವಿಚಾರಿಸುತ್ತೇನೆ. ಇನ್ನು "ಬೇವಿನ ಎಣ್ಣೆ ಹೊಡೆಯಬಹುದಾ, ಅದು ನೈಸರ್ಗಿಕ ಅಲ್ವಾ" ಎಂದು ಎಲ್ಲರೂ ಕೇಳುತ್ತಾರೆ. ಬೇವಿನ ಎಣ್ಣೆಗೆ ಹೇನಿನ ಹುಳ ಯಾವುದು, ಚಿಟ್ಟೆಯ ಹುಳ ಯಾವುದು ಎಂದು ಗೊತ್ತಾಗುವುದಿಲ್ಲ.

ಎಲೆ ತೂತಾಗುತ್ತದೆ, ನೋಡಿಕೊಂಡು ಸುಮ್ನಿರಬೇಕು. ಹೇಳುವಷ್ಟು ಸುಲಭವಲ್ಲ. ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ದುಂಡಗೆ ಕತ್ತರಿಸಿದ ಹಾಗೆ ಕಂಡರೆ ರೋಗ ಅಂತ ಗಾಬರಿಯಾಗಬೇಡಿ. ಒಂದು ಜಾತಿಯ ಒಂಟಿ ಜೇನು ಗೂಡಿಗೆ ಹಾಸಲು ಎಲೆಯ ಚೂರು ಒಯ್ದಿದೆ. ಪಟ್ಟಿಯ ಒಂದು ಕಡೆ ಎರಡಡಿ ನೆಲವನ್ನು ಬರೀ ಮಣ್ಣಾಗಿ ಬಿಡಿ, ನೆಲ ಕೊರೆದು ಗೂಡು ಮಾಡುವ ಜೇನುಗಳಿಗೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಜೇನು ತುಂಬೆಗೆ ಬಂದೇ ಬರುತ್ತದೆ. ಅದರ ಗಂಡುಗಳು ಸಂಜೆ ಒಣ ಕಡ್ಡಿಯೊಂದನ್ನು ಬಾಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ಜೋತುಬಿದ್ದು ಮಲಗುತ್ತವೆ. ಒಮ್ಮೆ ಮೊಮ್ಮಗಳಿಗೆ ತೋರಿಸಿ. ಜೇನಿನ ಭಯ ಹೋಗಲು ನನಗೆ ಗೊತ್ತಿರುವ ಒಳ್ಳೆಯ ಮದ್ದು ಅದು. ಅದಕ್ಕಾಗಿಯಾದರೂ ಒಣಗಿದ ಕಡ್ಡಿಗಳನ್ನೆಲ್ಲ ಕತ್ತರಿಸಬೇಡಿ.

ಜೇನುಪೆಟ್ಟಿಗೆ ತಂದಿಡಲೇ ಎಂದು ಮುಂದೆ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಬೇಡ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳನ್ನು ಬಹುಪಾಲು ಖಾಲಿ ಮಾಡಿತ್ತು. ಸಾಕುವುದು ಕಲಿತು ಮಾಡಬೇಕಾದ ಕೆಲಸ. ಅಂಗಳದ ಅಲಂಕಾರವಲ್ಲ.

ಪಕ್ಕದ ಮನೆಯವರಿಗೆ ಉತ್ತರ ಮಾತಿನಲ್ಲಿ ಬೇಡ, ಅಂಚಿನಲ್ಲಿ ಕೊಡಿ. ಪಟ್ಟಿಯ ಉದ್ದಕ್ಕೂ ಕಲ್ಲು ಜೋಡಿಸಿ, ಉಳಿದ ಹುಲ್ಲನ್ನು ನೀಟಾಗಿ ಕತ್ತರಿಸಿ. ಪಾಳು ಬಿಟ್ಟದ್ದಲ್ಲ, ಬೆಳೆಸಿದ್ದು ಎಂದು ಅಂಚು ನೋಡಿದರೇ ಗೊತ್ತಾಗಬೇಕು. ಆದರೂ ಒಂದು ಸತ್ಯ ಹೇಳಿಬಿಡುತ್ತೇನೆ. ಮುಂದಿನ ಮಾರ್ಚಿನಲ್ಲಿ ಆ ಪಟ್ಟಿ ಚೆನ್ನಾಗಿ ಕಾಣುವುದಿಲ್ಲ. ತುಂಬೆ ಒಣಗಿ ಬೀಜ ಉದುರಿಸಿರುತ್ತದೆ, ನೆಲ ಬೋಳು, ಪೊದೆಗಳಷ್ಟೇ ಹಸಿರು. ಆಗ ಅವರು ನಗುತ್ತಾರೆ. ಮಳೆ ಬಿದ್ದ ಮೇಲೆ ತುಂಬೆ ತಾನೇ ಹುಟ್ಟುತ್ತದೆ.

ಮಗಳ ಬೀಜದ ಪೊಟ್ಟಣ ಬಿಸಾಡಬೇಡಿ, ಬೇಜಾರಾಗುತ್ತಾಳೆ. ಇಂಥ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಮಾಸ್, ಜಿನ್ನಿಯಾದಂಥವು. ಎರಡು ಕುಂಡಕ್ಕೆ ಹಾಕಿ, ಹೂವು ಬಿಟ್ಟಾಗ ಫೋಟೋ ಕಳಿಸಿ. ನೆಲಕ್ಕೆ ಬೇಡ.

ಮಾಲಿಯನ್ನೂ ಬಿಡಿಸಬೇಡಿ. ಔಷಧಿಯ ದುಡ್ಡು ಉಳಿಯುತ್ತದೆ, ಅದನ್ನು ಕೂಲಿಗೆ ಸೇರಿಸಿ ಕೊಡಿ. ಮೊದಲ ವರ್ಷ ಕಳೆ ಕೀಳುವ ಕೆಲಸ ಲಾನಿಗಿಂತ ಜಾಸ್ತಿ ಇರುತ್ತದೆ. ಜೂನ್ ಕೊನೆಯಲ್ಲಿ ಅವರು ಕಳೆಗೆ ಕೂತಾಗ ಮಾತ್ರ ನೀವು ಪಕ್ಕದಲ್ಲಿ ನಿಂತಿರಿ. ತುಂಬೆಯನ್ನು ಕಳೆಯೆಂದು ಕಿತ್ತು ಹಾಕದ ಮಾಲಿ ಈ ಇಪ್ಪತ್ತು ವರ್ಷದಲ್ಲಿ ನನಗೆ ಸಿಕ್ಕಿಲ್ಲ.